ಟ್ಯೂಬು ಎಲ್ಲಿ ಕೂತಿದೆ? ನೈಲಾನ್-ಎಬಿಎಸ್‌ಗೆ ನ್ಯಾನೋಕಾರ್ಬನ್ ಬೆರೆಸಿದ ಅನುಭವ

ಕಾರ್ಬನ್ ನ್ಯಾನೋಟ್ಯೂಬ್ ಅಂದರೆ ಕಾರ್ಬನ್ ಪರಮಾಣುಗಳ ಅತಿ ಸಣ್ಣ ಕೊಳವೆ. ಕಣ್ಣಿಗೆ ಕಾಣುವುದು ಬರೀ ಕಪ್ಪು ಪುಡಿ. ನಾವು ತರಿಸಿದ ಪುಡಿಯಲ್ಲಿ ಒಂದೊಂದು ಟ್ಯೂಬಿನ ದಪ್ಪ ಸುಮಾರು 10 ನ್ಯಾನೋಮೀಟರ್, ಉದ್ದ ಒಂದೂವರೆ ಮೈಕ್ರಾನ್. ಒಂದು ಗ್ರಾಂ ಪುಡಿ ಒಂದು ದೊಡ್ಡ ಚಮಚದಲ್ಲಿ ಹಿಡಿಯುತ್ತದೆ. ಆ ಒಂದು ಗ್ರಾಂನಲ್ಲಿರುವ ಟ್ಯೂಬುಗಳ ಒಟ್ಟು ಮೇಲ್ಮೈ 250 ಚದರ ಮೀಟರ್. ಬೆಂಗಳೂರಿನ ಲೆಕ್ಕದಲ್ಲಿ ಎರಡು 30-40 ಸೈಟು, ಒಂದು ಚಮಚದೊಳಗೆ. ಈ ಪುಡಿಯ ಲಾಭಕ್ಕೂ ತಲೆನೋವಿಗೂ ಈ ಮೇಲ್ಮೈಯೇ ಕಾರಣ.

ನಾನಾಗ ಪಾಲಿಮರ್ ವಿಷಯದಲ್ಲಿ ಎಂ.ಟೆಕ್ ಮಾಡುತ್ತಿದ್ದೆ. ಪ್ರಾಜೆಕ್ಟಿಗೆ ನನಗೊಂದು ಮೆಷಿನ್ ಬೇಕಿತ್ತು. ಪೀಣ್ಯದ ಒಂದು ಕಾಂಪೌಂಡಿಂಗ್ ಘಟಕದವರಿಗೆ (ಪ್ಲಾಸ್ಟಿಕ್ ಕರಗಿಸಿ ಬೆರೆಸಿ ಗ್ರಾನ್ಯೂಲ್ಸ್ ಮಾಡಿ ಮಾರುವವರು) ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು. ಅವರು ನೈಲಾನ್ 6 ಮತ್ತು ಎಬಿಎಸ್ ಅನ್ನುವ ಎರಡು ಪ್ಲಾಸ್ಟಿಕ್ ಬೆರೆಸಿ ಒಂದು ಗ್ರೇಡ್ ಮಾರುತ್ತಿದ್ದರು. ಬಿಸಿ ಮತ್ತು ಎಣ್ಣೆ ತಡೆಯುವುದು ನೈಲಾನ್‌ನ ಗುಣ, ಏಟು ತಡೆಯುವುದು ಎಬಿಎಸ್‌ನೊಳಗಿನ ರಬ್ಬರ್‌ನ ಗುಣ. ಗಿರಾಕಿಯೊಬ್ಬರು ಇನ್ನೂ ಬಿಗಿ ಬೇಕು ಅಂದಿದ್ದರು. ಗ್ಲಾಸ್ ಫೈಬರ್ ಹಾಕಿದರೆ ಬಿಗಿ ಖಂಡಿತ ಬರುತ್ತದೆ. ಆದರೆ ತೂಕ ಏರುತ್ತದೆ, ಮೇಲ್ಮೈ ಒರಟಾಗುತ್ತದೆ, ಮೋಲ್ಡ್‌ನಿಂದ ಹೊರಬಂದ ಭಾಗ ಸೊಟ್ಟಗಾಗುತ್ತದೆ. ಅದಕ್ಕೇ ನ್ಯಾನೋಟ್ಯೂಬಿನ ಮಾತು ಬಂತು. ‘ಗಟ್ಟಿ ಆಗ್ಬೇಕು, ಆದ್ರೆ ಬಿದ್ರೆ ಒಡೀಬಾರ್ದು. ಪುಡಿ ಒಂದು ಪರ್ಸೆಂಟ್ ಮೇಲೆ ಹಾಕೋ ಹಾಗಿಲ್ಲ, ರೇಟು ನೋಡಿದ್ದೀರಲ್ವಾ’ ಅಂದರು ಮಾಲೀಕರು. ನನ್ನ ಗೈಡ್ ತಲೆ ಅಲ್ಲಾಡಿಸಿದರು. ವಿಷಯ ನಿಕ್ಕಿಯಾಯಿತು.

ಎರಡು ಪ್ಲಾಸ್ಟಿಕ್ ಕರಗಿಸಿ ಬೆರೆಸಿದರೆ ಒಂದೇ ಆಗಿಬಿಡುತ್ತವೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಪ್ಲಾಸ್ಟಿಕ್ಕಿನ ಅಣುಗಳು ಸರಪಳಿಗಳು, ತುಂಬಾ ಉದ್ದ. ಸಣ್ಣ ಅಣುಗಳು ಬೆರೆಯುವಾಗ ಸಿಗುವ ಎಂಟ್ರೊಪಿಯ ಲಾಭ, ಅಂದರೆ ಚದುರಿ ಬೆರೆಯುವ ಒಲವು, ಇವಕ್ಕೆ ಸಿಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಹಾಗಾಗಿ 70 ಪಾಲು ನೈಲಾನ್‌ಗೆ 30 ಪಾಲು ಎಬಿಎಸ್ ಹಾಕಿದರೆ ನೈಲಾನ್ ನಡುವೆ ಎಬಿಎಸ್ ಹನಿಹನಿಯಾಗಿ ನಿಲ್ಲುತ್ತದೆ. ಹನಿಗಳು ದಪ್ಪವಾಗಿದ್ದು, ನೈಲಾನ್ ಜೊತೆ ಅವುಗಳ ಅಂಟು ಸಡಿಲವಾಗಿದ್ದರೆ, ಎಳೆದಾಗ ಅಲ್ಲಿಂದಲೇ ಬಿಟ್ಟುಕೊಳ್ಳುತ್ತದೆ. ಇದಕ್ಕೆ ಮದ್ದು ಸ್ಟೈರೀನ್-ಮಲೇಯಿಕ್ ಅನ್‌ಹೈಡ್ರೈಡ್. ಎಲ್ಲರೂ ಎಸ್‌ಎಂಎ ಅನ್ನುತ್ತಾರೆ. ಇದು ಎಬಿಎಸ್ ಕಡೆ ಸಲೀಸಾಗಿ ಬೆರೆಯುತ್ತದೆ. ಇದರ ಅನ್‌ಹೈಡ್ರೈಡ್ ಗುಂಪು ನೈಲಾನ್ ಸರಪಳಿಯ ತುದಿಯ ಅಮೀನ್ ಗುಂಪಿನ ಜೊತೆ ಬೆರೆಸುವ ಮೆಷಿನ್ನಿನ ಬ್ಯಾರಲ್‌ನೊಳಗೇ ಪ್ರತಿಕ್ರಿಯೆ ನಡೆಸಿ ಎರಡನ್ನೂ ಹೊಲಿಯುತ್ತದೆ. ಘಟಕದವರು ಇದನ್ನು ಮೊದಲಿನಿಂದಲೂ ಹಾಕುತ್ತಿದ್ದರು. ಎಸ್‌ಎಂಎ ಇಲ್ಲದಾಗ ಕೆಲವು ಮೈಕ್ರಾನ್ ಇದ್ದ ಹನಿ, ಅದನ್ನು ಹಾಕಿದ ಮೇಲೆ ಒಂದು ಮೈಕ್ರಾನ್‌ಗಿಂತ ಸಣ್ಣದಾಗುತ್ತಿತ್ತು. ಇಂಥ ಮನೆಗೆ ಮೂರನೆಯವರಾಗಿ ನ್ಯಾನೋಟ್ಯೂಬುಗಳನ್ನು ಕರೆತರಬೇಕಿತ್ತು.

ಕಾಗದದ ಮೇಲೆ ಲೆಕ್ಕ ಭಾರಿ ಚೆನ್ನಾಗಿ ಬಂತು. ಟ್ಯೂಬಿನ ಬಿಗಿತ, ಅಂದರೆ ಯಂಗ್ಸ್ ಮಾಡ್ಯುಲಸ್, ಸುಮಾರು 1000 ಗಿಗಾಪಾಸ್ಕಲ್. ತೂಕದಲ್ಲಿ 1 ಪರ್ಸೆಂಟ್ ಹಾಕಿದರೆ ಗಾತ್ರದಲ್ಲಿ ಅದು 0.6 ಪರ್ಸೆಂಟ್ ಆಗುತ್ತದೆ. ಗುಣಿಸಿದರೆ 6 ಗಿಗಾಪಾಸ್ಕಲ್. ಟ್ಯೂಬುಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುವುದಿಲ್ಲ, ಮೂರೂ ದಿಕ್ಕಿಗೆ ಚದುರಿರುತ್ತವೆ. ಅದಕ್ಕೆ ಐದರಿಂದ ಭಾಗಿಸಬೇಕು. ಆಗಲೂ 1.2 ಗಿಗಾಪಾಸ್ಕಲ್ ಉಳಿಯುತ್ತದೆ. ನಮ್ಮ ಮಿಶ್ರಣದ ಮಾಡ್ಯುಲಸ್ 2.2 ಇತ್ತು. 3.4ಕ್ಕೆ ಹೋಗಬೇಕು, ಬರೀ ಒಂದು ಪರ್ಸೆಂಟ್ ಪುಡಿಗೆ! ಹಾಳೆ ತೋರಿಸಿದಾಗ ಗೈಡ್ ನಕ್ಕರು. ‘ಟ್ಯೂಬ್ ನೇರ ಇದೆ ಅಂದ್ಕೊಂಡಿದ್ದೀರಾ? ಒಂದೊಂದೂ ಬೇರೆಬೇರೆ ಇದೆ ಅಂದ್ಕೊಂಡಿದ್ದೀರಾ? ಅಂಟು ಪೂರ್ತಿ ಇದೆ ಅಂದ್ಕೊಂಡಿದ್ದೀರಾ? ಮೂರೂ ಇರಲ್ಲ’ ಅಂದರು.

ಇದ್ದದ್ದು ಗಂಟು. ಅಷ್ಟೊಂದು ಮೇಲ್ಮೈ ಇರುವ ಸಣ್ಣ ವಸ್ತುಗಳು ಒಂದನ್ನೊಂದು ತಬ್ಬಿಕೊಂಡೇ ಇರುತ್ತವೆ. ಕಾರ್ಖಾನೆಯಿಂದ ಬರುವ ಪುಡಿಯಲ್ಲಿ ಅವು ಸಿಕ್ಕುಸಿಕ್ಕಾಗಿ ಸುತ್ತಿಕೊಂಡು ನೂರಾರು ಮೈಕ್ರಾನ್ ಅಗಲದ ಉಂಡೆಗಳಾಗಿರುತ್ತವೆ. ಅವನ್ನು ಬಿಡಿಸಲು ಮೊದಲು ಕರಗಿದ ಪ್ಲಾಸ್ಟಿಕ್ ಗಂಟಿನೊಳಗೆ ಇಳಿಯಬೇಕು. ಆಮೇಲೆ ಮೆಷಿನ್ನಿನ ಸ್ಕ್ರೂ ಉಜ್ಜಿ ಒಡೆಯಬೇಕು, ಇಲ್ಲವೇ ಹೊರಪದರದಿಂದ ಒಂದೊಂದೇ ಟ್ಯೂಬು ಸವೆದು ಕಳಚಬೇಕು. ಸ್ಕ್ರೂ ಜೋರಾಗಿ ತಿರುಗಿಸಿದರೆ ಆಯ್ತಲ್ಲ ಅನ್ನಬಹುದು. ಗಂಟು ಒಡೆಯುತ್ತದೆ, ಜೊತೆಗೆ ಟ್ಯೂಬೂ ತುಂಡಾಗುತ್ತದೆ. ಪಾಲಿಕಾರ್ಬೊನೇಟ್‌ನಲ್ಲಿ ಕರಗಿಸಿ ಬೆರೆಸಿದ ಮೇಲೆ ಉದ್ದ ಮೂರನೇ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ ಎಂದು ಜರ್ಮನಿಯ ಡ್ರೆಸ್ಡೆನ್‌ನ ಲೈಬ್ನಿಟ್ಸ್ ಸಂಸ್ಥೆಯವರು ಅಳೆದು ತೋರಿಸಿದ್ದಾರೆ. ಉದ್ದ ಹೋದರೆ ಭಾರ ಹೊರುವ ಶಕ್ತಿಯೂ ಹೋದಂತೆ.

ಮೊದಲು ಆಸಿಡ್ ದಾರಿ ನೋಡಿದೆ. ಸಲ್ಫ್ಯೂರಿಕ್ ಮತ್ತು ನೈಟ್ರಿಕ್ ಆಸಿಡ್ ಮೂರಕ್ಕೊಂದು ಪಾಲಿನಲ್ಲಿ ಬೆರೆಸಿ, ಅದರಲ್ಲಿ ಟ್ಯೂಬು ಕಾಯಿಸಿದರೆ ಮೇಲ್ಮೈಯಲ್ಲಿ ಕಾರ್ಬಾಕ್ಸಿಲ್ ಗುಂಪುಗಳು ಹುಟ್ಟುತ್ತವೆ, ನೈಲಾನ್ ಜೊತೆ ಅಂಟು ಚೆನ್ನಾಗಿ ಬರುತ್ತದೆ. ಇದು ಪ್ರಬಂಧಗಳಲ್ಲಿ ಸಾವಿರ ಸಲ ಬರೆದಿರುವ ಸಂಗತಿ. ಆಸಿಡ್ ಟ್ಯೂಬಿನ ಗೋಡೆಯನ್ನೂ ತಿನ್ನುತ್ತದೆ ಅನ್ನುವುದನ್ನೂ ಬರೆದಿರುತ್ತಾರೆ. ಬರೆಯದೇ ಬಿಡುವುದು ಒಣಗಿಸುವ ಕಥೆಯನ್ನು. ಆಸಿಡ್ ಹೋಗುವವರೆಗೆ ನೀರಿನಲ್ಲಿ ತೊಳೆದು, ಓವನ್‌ನಲ್ಲಿಟ್ಟು ಒಣಗಿಸಿದರೆ ಹಗುರವಾಗಿದ್ದ ಪುಡಿ ಇದ್ದಿಲಿನ ಬಿಲ್ಲೆಯ ಹಾಗೆ ಗಟ್ಟಿಯಾಗುತ್ತದೆ. ಅರೆದರೂ ಮೊದಲಿನ ಹಾಗೆ ಆಗುವುದಿಲ್ಲ. ಬೀಕರ್‌ನಲ್ಲಿ ಕೆಲವು ಗ್ರಾಂ ಮಾಡುವವರಿಗೆ ಸರಿ. ಕೆಜಿಗಟ್ಟಲೆ ಬೇಕಾದವರಿಗೆ ಈ ದಾರಿ ಆಗಿಬರುವುದಿಲ್ಲ ಅನಿಸಿ ಕೈಬಿಟ್ಟೆ. ಉಳಿದ ಕೆಲಸವೆಲ್ಲ ಏನೂ ಹಚ್ಚದ ಟ್ಯೂಬಿನಲ್ಲೇ ನಡೆಯಿತು.

ಘಟಕದ ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್ (ಎರಡು ಸ್ಕ್ರೂ ತಿರುಗಿಸಿ ಪ್ಲಾಸ್ಟಿಕ್ ಕರಗಿಸಿ, ಬೆರೆಸಿ, ಎಳೆಯಾಗಿ ಹೊರಬಿಡುವ ಮೆಷಿನ್) ನಮಗೆ ಸಿಗುತ್ತಿದ್ದದ್ದು ರಾತ್ರಿ, ಅದೂ ಮರುದಿನ ಕ್ಲೀನಿಂಗ್ ಇದ್ದಾಗ ಮಾತ್ರ. ಕಪ್ಪು ಓಡಿಸಿದ ಮೇಲೆ ಬಿಳಿ ಆರ್ಡರ್ ಹಾಕಬೇಕೆಂದರೆ ಗಂಟೆಗಟ್ಟಲೆ ಪರ್ಜ್ ಮಾಡಬೇಕು, ಅಂದರೆ ಬೇರೆ ಪ್ಲಾಸ್ಟಿಕ್ ಓಡಿಸಿ ಒಳಗೆ ತೊಳೆಯಬೇಕು. ಚೀಲಗಟ್ಟಲೆ ಮಾಲು ಹಾಳು. ರಾತ್ರಿ ಪಾಳಿಯ ಆಪರೇಟರ್ ಹಾಸನದ ಕಡೆಯವರು, ಮೆಷಿನ್ನಿನ ಸದ್ದಿನಲ್ಲೇ ಅರ್ಧ ವಿಷಯ ಹೇಳುತ್ತಿದ್ದರು. ನಾನು ಅವರನ್ನು ಅಣ್ಣಾ ಅನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಅನ್ನುತ್ತಿದ್ದರು.

ಮೊದಲ ದಾರಿ ಎಲ್ಲರೂ ಹೋಗುವ ದಾರಿ. ನೈಲಾನ್, ಎಬಿಎಸ್, ಎಸ್‌ಎಂಎ, ಟ್ಯೂಬು ಪುಡಿ ಎಲ್ಲವನ್ನೂ ಒಟ್ಟಿಗೆ ಹಾಪರ್‌ಗೆ ಹಾಕುವುದು. ಪುಡಿ ಗಾಳಿಯಷ್ಟು ಹಗುರ, ಗ್ರಾನ್ಯೂಲ್ಸ್ ಭಾರ. ಹಾಪರ್‌ನಲ್ಲೇ ಬೇರೆಬೇರೆಯಾಗುತ್ತವೆ. ಒಂದು ಸಲ ಪುಡಿ ಹೆಚ್ಚು ಇಳಿಯುತ್ತದೆ, ಇನ್ನೊಂದು ಸಲ ಇಳಿಯುವುದೇ ಇಲ್ಲ. ಡೈಯಿಂದ ಬರುವ ಎಳೆಯ ಮೇಲೆ ಬೆರಳಾಡಿಸಿದರೆ ಸಣ್ಣ ಸಣ್ಣ ಗುಳ್ಳೆಗಳು ಸಿಕ್ಕವು. ಒಳಗೆ ಒಡೆಯದ ಗಂಟು.

‘ಮೇಡಂ, ಆಂಪ್ಸ್ ಏರ್ತಾ ಇದೆ ನೋಡಿ’ ಅಂದರು ಅಣ್ಣ. ಟ್ಯೂಬುಗಳು ಚದುರಿ ಒಂದಕ್ಕೊಂದು ತಾಗತೊಡಗಿದರೆ ಕರಗಿದ ಪ್ಲಾಸ್ಟಿಕ್ ದಪ್ಪವಾಗುತ್ತದೆ, ಮೋಟರ್ ಹೆಚ್ಚು ಎಳೆಯಬೇಕಾಗುತ್ತದೆ. ಅವರು ಫೀಡ್ ಇಳಿಸಿದರು. ಬ್ಯಾರಲ್ 240 ಡಿಗ್ರಿಯಲ್ಲಿತ್ತು. ಅದಕ್ಕಿಂತ ಮೇಲೆ ಹೋದರೆ ಎಬಿಎಸ್‌ನ ರಬ್ಬರ್ ಕೆಡುತ್ತದೆ, 220ಕ್ಕಿಂತ ಕೆಳಗೆ ನೈಲಾನ್ ಕರಗುವುದಿಲ್ಲ. ಆಡಲು ಸಿಗುವ ಜಾಗ ಇಷ್ಟೇ.

ಪಾಳಿ ಮುಗಿದಾಗ ಅಣ್ಣ ರೂಢಿಯಂತೆ ಏರ್ ಗನ್ ಕೈಗೆ ತಗೊಂಡರು. ‘ಬೇಡ ಅಣ್ಣಾ, ಇದನ್ನ ಊದಬಾರದು’ ಅಂದೆ. ಒದ್ದೆ ಬಟ್ಟೆಯಿಂದ ಒರೆಸಿದೆವು. ಇದನ್ನು ಸುಮ್ನೆ ಭಯಪಟ್ಟು ಹೇಳುತ್ತಿಲ್ಲ. ಉದ್ದನೆಯ ಬಿರುಸು ಟ್ಯೂಬುಗಳು ಇಲಿಗಳಲ್ಲಿ ಆಸ್ಬೆಸ್ಟಾಸ್ ಥರದ ಪರಿಣಾಮ ತೋರಿಸಿದವು ಎಂದು 2008ರಲ್ಲೇ ಪ್ರಕಟವಾಗಿದೆ. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ ನೋಡುವ ನಿಯೋಶ್ ಸಂಸ್ಥೆ 2013ರಲ್ಲಿ ಕೆಲಸದ ಜಾಗದ ಗಾಳಿಗೆ ಸೂಚಿಸಿದ ಮಿತಿ ಒಂದು ಘನ ಮೀಟರ್‌ಗೆ 1 ಮೈಕ್ರೋಗ್ರಾಂ. ಪುಡಿ ಪ್ಲಾಸ್ಟಿಕ್‌ನೊಳಗೆ ಸೇರಿದ ಮೇಲೆ ಅಪಾಯ ತುಂಬಾ ಕಡಿಮೆ. ಚೀಲ ಬಿಚ್ಚಿ ಸುರಿಯುವ ಹೊತ್ತೇ ಕೆಟ್ಟದ್ದು. ಆ ರಾತ್ರಿಯ ನಂತರ ನಾವು ಪುಡಿಯನ್ನೇ ಬಿಟ್ಟು ಮಾಸ್ಟರ್‌ಬ್ಯಾಚ್‌ಗೆ ಹೋದೆವು. ಅದು ಟ್ಯೂಬನ್ನು ಮೊದಲೇ ಪ್ಲಾಸ್ಟಿಕ್ಕಿನಲ್ಲಿ ಬೆರೆಸಿಟ್ಟ ಮಾಲು. ಅದರಲ್ಲಿ ಟ್ಯೂಬು 15 ಪರ್ಸೆಂಟ್ ಇರುತ್ತದೆ, ಗ್ರಾನ್ಯೂಲ್ಸ್ ರೂಪದಲ್ಲೇ ಬರುತ್ತದೆ, ಗಾಳಿಗೆ ಹಾರುವುದಿಲ್ಲ, ಹಾಪರ್‌ನಲ್ಲಿ ಬೇರೆಯಾಗುವುದಿಲ್ಲ. ಜೊತೆಗೆ ಗಂಟಿನ ಅರ್ಧ ಕೆಲಸ ಮಾಸ್ಟರ್‌ಬ್ಯಾಚ್ ಮಾಡಿದವರೇ ಮುಗಿಸಿರುತ್ತಾರೆ. ಸಣ್ಣ ಘಟಕಗಳು ಪುಡಿ ತರಿಸಿ ದುಡ್ಡು ಉಳಿಸಲು ಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ದಾರಿಯ ಮಾಲಿನಿಂದ ಡಂಬೆಲ್ ಮತ್ತು ಬಾರ್ ಮೋಲ್ಡ್ ಮಾಡಿಸಿದೆ. ಎಳೆಯುವ ಪರೀಕ್ಷೆಗೆ ಎಎಸ್‌ಟಿಎಂ ಡಿ638, ಏಟಿಗೆ ಡಿ256, ಅಂದರೆ ಕಚ್ಚು (ನಾಚ್) ಕೊರೆದ ಬಾರಿಗೆ ಲೋಲಕದಿಂದ ಹೊಡೆದು ನೋಡುವ ಐಜಾಡ್ ಪರೀಕ್ಷೆ. ಮಾಡ್ಯುಲಸ್ 2.2ರಿಂದ 2.5ರ ಹತ್ತಿರಕ್ಕೆ ಏರಿತು. ಕಾಗದದ 3.4 ಎಲ್ಲಿ, ಇದೆಲ್ಲಿ! ಅದಾದರೂ ಪರವಾಗಿಲ್ಲ. ಆದರೆ ಐಜಾಡ್ ಅರ್ಧಕ್ಕೆ ಬಿತ್ತು.

ಐಜಾಡ್ ಬಾರನ್ನು ಕೈಯಲ್ಲಿ ಹಿಡಿದು ನೋಡಿದರೇ ಕಥೆ ಗೊತ್ತಾಗುತ್ತದೆ. ಟ್ಯೂಬಿಲ್ಲದ ಬಾರ್ ಲೋಲಕದ ಏಟಿಗೆ ಪೂರ್ತಿ ತುಂಡಾಗುವುದಿಲ್ಲ, ಬಾಗಿಲಿನ ಕೀಲಿನ ಹಾಗೆ ಒಂದು ಕಡೆ ಹಿಡಿದುಕೊಂಡಿರುತ್ತದೆ. ಕಚ್ಚಿನ ಸುತ್ತ ಬೆಳ್ಳಗಾಗಿರುತ್ತದೆ. ಒಳಗಿನ ರಬ್ಬರ್ ಕಣಗಳು ಟೊಳ್ಳಾಗಿ, ಸುತ್ತಲಿನ ನೈಲಾನ್ ಹಿಗ್ಗಿ, ಏಟಿನ ಶಕ್ತಿಯನ್ನು ಅಲ್ಲೇ ಕುಡಿದುಬಿಟ್ಟ ಗುರುತು ಅದು. ಕಪ್ಪು ಬಾರ್‌ನಲ್ಲಿ ಆ ಬಿಳುಪು ಬೂದಿ ಬಣ್ಣದ ಪಟ್ಟಿಯಾಗಿ ಕಾಣಬೇಕು. ನಮ್ಮದರಲ್ಲಿ ಪಟ್ಟಿ ಕೂದಲೆಳೆಯಷ್ಟೂ ಇರಲಿಲ್ಲ. ಬಾರ್ ಚಟ್ ಅಂತ ಎರಡಾಗಿತ್ತು. ಮುರಿದ ಮುಖವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಮಧ್ಯೆ 20-30 ಮೈಕ್ರಾನ್‌ನ ಒಂದು ಗಂಟು ಕೂತಿತ್ತು. ಅದರಿಂದ ಸುತ್ತಲೂ ಗೆರೆಗಳು ಹರಡಿದ್ದವು. ಬಿರುಕು ಹುಟ್ಟಿದ್ದು ಅಲ್ಲಿ.

ಇಂಥ ಗಂಟು ಪತ್ತೆಗೆ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕೆಂದಿಲ್ಲ. ಒಂದೆರಡು ಗ್ರಾನ್ಯೂಲ್ಸ್ ತಗೊಂಡು ಬಿಸಿ ತಟ್ಟೆಗಳ ನಡುವೆ ತೆಳ್ಳಗೆ ಒತ್ತಿ, ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಕೆಳಗಿನಿಂದ ಬೆಳಕು ಬಿಟ್ಟು ನೋಡಿದರೆ ಸಾಕು. ಚೆನ್ನಾಗಿ ಚದುರಿದ್ದರೆ ಒಂದೇ ಸಮ ಕಂದು ಬಣ್ಣ. ಇಲ್ಲದಿದ್ದರೆ ಕಪ್ಪು ಚುಕ್ಕೆಗಳು. ಆಮೇಲಿನ ಪ್ರತಿ ರನ್ನಿನಲ್ಲೂ ಮೋಲ್ಡಿಂಗ್‌ಗೆ ಹೋಗುವ ಮೊದಲು ಇದನ್ನು ಮಾಡಿದೆ. ಖರ್ಚಿಲ್ಲದ ಪರೀಕ್ಷೆ, ಎಷ್ಟೋ ಕೆಲಸ ಉಳಿಸಿತು.

ಎರಡನೇ ದಾರಿ ನೈಲಾನ್ ಮಾಸ್ಟರ್‌ಬ್ಯಾಚ್. ಚುಕ್ಕೆಗಳು ಬಹುಪಾಲು ಮಾಯವಾದವು. ಎಳೆ ನುಣುಪಾಗಿ, ಹೊಳಪಿಲ್ಲದೆ, ಒಂದೇ ಸಮ ಬಂತು. ಮಾಡ್ಯುಲಸ್ ಇನ್ನೊಂದು ಚೂರು ಏರಿತು. ಐಜಾಡ್ ಸ್ವಲ್ಪ ಸುಧಾರಿಸಿತು. ಆದರೂ ಮೂಲ ಮಿಶ್ರಣಕ್ಕೆ ಹೋಲಿಸಿದರೆ ಮೂರರಲ್ಲಿ ಒಂದು ಪಾಲು ಕಡಿಮೆಯೇ. ಗಂಟು ಹೋದರೂ ಬಾರ್ ಯಾಕೆ ಒಡೆಯುತ್ತಿದೆ ಅನ್ನುವುದು ಆಗಿನ ತಲೆಬಿಸಿ.

ಈ ಹೊತ್ತಿಗೆ ಸರಿಯಾಗಿ ಮಳೆಗಾಲ ಬಂತು. ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕಂದರೆ ನೈಲಾನ್ ಕೆಲಸದಲ್ಲಿ ಬರುವ ಅರ್ಧ ‘ಸುಧಾರಣೆ’ಗಳ ಗುಟ್ಟು ಇದು. ನೈಲಾನ್ 6 ಗಾಳಿಯಿಂದ ನೀರು ಹೀರುತ್ತದೆ. ಮಾಮೂಲಿ ಹವೆಯಲ್ಲಿ ಇಟ್ಟರೆ 2.5ರಿಂದ 3 ಪರ್ಸೆಂಟ್, ನೀರಿನಲ್ಲೇ ಮುಳುಗಿಸಿದರೆ 9 ಪರ್ಸೆಂಟ್ ಮುಟ್ಟುತ್ತದೆ. ನೀರು ಸರಪಳಿಗಳ ನಡುವಿನ ಹೈಡ್ರೋಜನ್ ಬಂಧ ಸಡಿಲಿಸಿ ನೈಲಾನನ್ನು ಮೆತ್ತಗೆ ಮಾಡುತ್ತದೆ. ಬಿಗಿ ಬೀಳುತ್ತದೆ, ಏಟು ತಡೆಯುವ ಶಕ್ತಿ ಏರುತ್ತದೆ. ಒಂದೇ ರನ್ನಿನ ಬಾರುಗಳಲ್ಲಿ ಕೆಲವನ್ನು ಮೋಲ್ಡಿಂಗ್ ಆದ ಕೂಡಲೇ ಸಿಲಿಕಾ ಜೆಲ್ ಜೊತೆ ಅಲ್ಯೂಮಿನಿಯಂ ಪೌಚ್‌ಗೆ ಹಾಕಿ ಸೀಲ್ ಮಾಡಿದೆ. ಕೆಲವನ್ನು ಬೇಕೆಂದೇ ಲ್ಯಾಬಿನ ಮೇಜಿನ ಮೇಲೆ ಬಿಟ್ಟೆ. ಹೊರಗೆ ಜಿಟಿಜಿಟಿ ಮಳೆ. ಕೆಲವು ವಾರ ಬಿಟ್ಟು ಎಳೆದು ನೋಡಿದರೆ, ಟ್ಯೂಬು ಕೊಟ್ಟಿದ್ದಕ್ಕಿಂತ ಜಾಸ್ತಿ ಬಿಗಿಯನ್ನು ಮಳೆ ಕಿತ್ತುಕೊಂಡಿತ್ತು. ಐಜಾಡ್ ಮಾತ್ರ ಮೇಲೆ ಹೋಗಿತ್ತು.

ಅಂದರೆ ಒಣಗಿದ ಮೂಲ ಬಾರನ್ನೂ ತೇವ ಹಿಡಿದ ನ್ಯಾನೋ ಬಾರನ್ನೂ ಪಕ್ಕಪಕ್ಕ ಇಟ್ಟರೆ ‘ಟ್ಯೂಬು ಹಾಕಿದ್ದಕ್ಕೆ ಏಟು ತಡೆಯುವ ಶಕ್ತಿ ಬಂತು’ ಎಂದು ಸಲೀಸಾಗಿ ಬರೆದುಬಿಡಬಹುದು. ಯಾರೂ ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ಅದಕ್ಕೇ ನೈಲಾನ್ ಇರುವ ಯಾವ ಪ್ರಬಂಧ ಓದಿದರೂ ನಾನು ಮೊದಲು ಹುಡುಕುವುದು ಬಾರುಗಳನ್ನು ಹೇಗಿಟ್ಟಿದ್ದರು ಅನ್ನುವ ಸಾಲು. ಆ ಸಾಲು ಇಲ್ಲದಿದ್ದರೆ ಮುಂದಿನ ಗ್ರಾಫಿಗೆ ನನ್ನ ಹತ್ತಿರ ಬೆಲೆ ಇಲ್ಲ.

ಮೂರನೇ ದಾರಿ ಹೊಳೆದದ್ದು ಓದಿನಿಂದ. ಟ್ಯೂಬನ್ನು ನಾವು ಎಲ್ಲಿ ಬೇಕಾದರೂ ಇಡಬಹುದು ಅನ್ನುವುದು ಭ್ರಮೆ. ಎರಡು ಪ್ಲಾಸ್ಟಿಕ್ ಇದ್ದಾಗ ಯಾವುದರ ಜೊತೆ ಗಡಿಯ ಎಳೆತ (ಇಂಟರ್ಫೇಶಿಯಲ್ ಟೆನ್ಷನ್) ಕಡಿಮೆಯೋ ಅದರೊಳಗೆ ಟ್ಯೂಬು ಸೇರಿಕೊಳ್ಳುತ್ತದೆ. ಎರಡರ ಜೊತೆಗೂ ಹೆಚ್ಚುಕಡಿಮೆ ಸಮವಾಗಿದ್ದರೆ ಮಾತ್ರ ಗಡಿಯಲ್ಲಿ ನಿಲ್ಲುತ್ತದೆ. ಜಪಾನಿನ ಸುಮಿತಾ ಮತ್ತು ಸಂಗಡಿಗರು 1991ರಲ್ಲಿ ಮಸಿಯಂಥ ಕಾರ್ಬನ್ ಪುಡಿಯಾದ ಕಾರ್ಬನ್ ಬ್ಲ್ಯಾಕ್‌ಗೆ ಈ ಲೆಕ್ಕ ಹಾಕಿ ತೋರಿಸಿದರು. ಜಪಾನಿನ ವಿಜ್ಞಾನಿ ಇಜಿಮಾ ನ್ಯಾನೋಟ್ಯೂಬುಗಳನ್ನು ಜಗತ್ತಿಗೆ ತೋರಿಸಿದ್ದೂ ಅದೇ ವರ್ಷ. ಅದಕ್ಕೂ ಮೊದಲು, 1987ರಲ್ಲೇ, ಅಮೆರಿಕದ ಹೈಪೀರಿಯನ್ ಕಂಪನಿಗೆ ಇಂಥ ಕಾರ್ಬನ್ ಎಳೆಗಳ ಮೇಲೆ ಪೇಟೆಂಟ್ ಸಿಕ್ಕಿತ್ತು. ಆಮೇಲೆ ಅವು ಕಾರುಗಳ ಪೆಟ್ರೋಲ್ ಪೈಪಿನ ನೈಲಾನ್‌ಗೆ ಸೇರಿದವು. ಆದರೆ ಅಲ್ಲಿ ಬೇಕಾಗಿದ್ದದ್ದು ಬಲವಲ್ಲ, ಸ್ಥಾಯೀ ವಿದ್ಯುತ್ ಹರಿದುಹೋಗುವ ದಾರಿ.

ನಮ್ಮ ಮಿಶ್ರಣದಲ್ಲಿ ಟ್ಯೂಬಿಗೆ ಇಷ್ಟ ನೈಲಾನ್. ಇದನ್ನು ನಮಗಿಂತ ಎಷ್ಟೋ ಮೊದಲೇ ಬೇರೆಯವರು ಕಂಡಿದ್ದರು. ಈಗ ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಸೂರ್ಯಸಾರಥಿ ಬೋಸ್ ಅವರು ನೈಲಾನ್ 6, ಎಬಿಎಸ್, ನ್ಯಾನೋಟ್ಯೂಬು ಮೂರನ್ನೂ ಸೇರಿಸಿ ಮಾಡಿದ ಹಳೆಯ ಕೆಲಸಗಳನ್ನು ಓದದೆ ಈ ವಿಷಯಕ್ಕೆ ಯಾರೂ ಕೈ ಹಾಕುವ ಹಾಗಿಲ್ಲ. ಈಗ ಎರಡನೇ ದಾರಿಯ ಬಾರ್ ಯಾಕೆ ಒಡೆಯಿತು ಅನ್ನುವುದು ನನಗೆ ಅರ್ಥವಾಗತೊಡಗಿತು. ಟ್ಯೂಬೆಲ್ಲ ನೈಲಾನ್‌ನಲ್ಲೇ ತುಂಬಿಕೊಂಡಿದೆ. ಏಟು ಬಿದ್ದಾಗ ಹಿಗ್ಗಿ ಶಕ್ತಿ ಕುಡಿಯಬೇಕಾದದ್ದು ಇದೇ ನೈಲಾನ್. ಒಳಗಿನ ಟ್ಯೂಬುಗಳು ಅದನ್ನು ಹಿಗ್ಗಲು ಬಿಡುತ್ತಿಲ್ಲ. ಬಿಗಿ ಬಂದ ಕಡೆಯೇ ಹಿಗ್ಗುವ ಗುಣ ಹೋಯಿತು.

ದಾರಿ ತೋರಿಸಿದ್ದು ಡ್ರೆಸ್ಡೆನ್‌ನವರ ಇನ್ನೊಂದು ಕೆಲಸ. ಅವರು 2009ರಲ್ಲಿ ಟ್ಯೂಬನ್ನು ಮೊದಲು ಎಬಿಎಸ್ಸಿನಿಂದ ರಬ್ಬರ್ ಬಿಟ್ಟರೆ ಉಳಿಯುವಂಥ ಪ್ಲಾಸ್ಟಿಕ್ ಆದ ಸ್ಟೈರೀನ್-ಅಕ್ರಿಲೋನೈಟ್ರೈಲ್‌ನಲ್ಲಿ ಬೆರೆಸಿ, ಆಮೇಲೆ ಪಾಲಿಕಾರ್ಬೊನೇಟ್ ಸೇರಿಸಿದರು. ಕೆಲವೇ ನಿಮಿಷಗಳಲ್ಲಿ ಟ್ಯೂಬುಗಳೆಲ್ಲ ಗಡಿ ದಾಟಿ ಪಾಲಿಕಾರ್ಬೊನೇಟ್‌ಗೆ ಹೋಗಿಬಿಟ್ಟವು. ಓದಿದಾಗ ನನಗೆ ಅನಿಸಿದ್ದು: ದಾಟಲು ನಿಮಿಷಗಳು ಬೇಕು. ನಮ್ಮ ಎಕ್ಸ್‌ಟ್ರೂಡರ್‌ನಲ್ಲಿ ಮಾಲು ಇರುವುದು ಒಂದು ನಿಮಿಷದ ಆಸುಪಾಸು. ಟ್ಯೂಬನ್ನು ಅದಕ್ಕೆ ಇಷ್ಟವಿಲ್ಲದ ಎಬಿಎಸ್‌ನಲ್ಲಿ ಮೊದಲು ಕೂರಿಸಿ, ನೈಲಾನ್ ಕಡೆ ಹೊರಟಾಗ ಅರ್ಧ ದಾರಿಯಲ್ಲಿ ತಣ್ಣಗೆ ಮಾಡಿಬಿಟ್ಟರೆ? ಟ್ಯೂಬಿನ ಒಂದು ತುದಿ ಹನಿಯೊಳಗೆ, ಇನ್ನೊಂದು ತುದಿ ನೈಲಾನ್‌ನೊಳಗೆ ಉಳಿದು ಗಡಿಗೇ ಮೊಳೆ ಹೊಡೆದಂತಾಗಬೇಕು.

ಗೈಡ್ ಒಪ್ಪಿದರು, ಪೂರ್ತಿ ನಂಬಲಿಲ್ಲ. ಎಬಿಎಸ್ ಆಧಾರದ ಮಾಸ್ಟರ್‌ಬ್ಯಾಚ್ ತರಿಸಿದೆವು. ಅದನ್ನು ಉಳಿದ ಎಬಿಎಸ್ ಮತ್ತು ಎಸ್‌ಎಂಎ ಜೊತೆ ಒಂದು ಸಲ ಓಡಿಸಿ ಗ್ರಾನ್ಯೂಲ್ಸ್ ಮಾಡಿಕೊಂಡೆವು. ನೈಲಾನನ್ನು 80 ಡಿಗ್ರಿಯಲ್ಲಿ ವ್ಯಾಕ್ಯೂಮ್ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ, ಎರಡನೇ ಸಲ ಎರಡನ್ನೂ ಕೂಡಿಸಿ ಓಡಿಸಿದೆವು. ನಿಧಾನ ಓಡಿಸಿದರೆ ಟ್ಯೂಬಿಗೆ ದಾಟಲು ಸಮಯ ಸಿಗುತ್ತದೆ. ಜೋರು ಓಡಿಸಿದರೆ ಗಡಿಗಳು ಬೇಗ ಬೇಗ ಮುರಿದು ಹೊಸದಾಗುತ್ತವೆ, ಆಗಲೂ ದಾಟುತ್ತದೆ. ನಡುವಿನ ಒಂದು ಹದ ಹುಡುಕಬೇಕು. ಅಣ್ಣ ಪ್ಯಾನಲ್ ನೋಡುವುದಕ್ಕಿಂತ ಜಾಸ್ತಿ ಎಳೆಯನ್ನೇ ನೋಡುತ್ತಿದ್ದರು. ಅದು ನೀರಿನ ತೊಟ್ಟಿಗೆ ಇಳಿಯುವ ಮುಂಚೆ ಎಷ್ಟು ಜೋಲುತ್ತಿದೆ ಎಂದು ನೋಡಿ, ‘ಈಗ ಸರಿ ಇದೆ ಮೇಡಂ, ಇಲ್ಲೇ ಬಿಡಿ’ ಅಂದರು. ಅಲ್ಲೇ ಬಿಟ್ಟೆವು.

ಟ್ಯೂಬು ಎಲ್ಲಿದೆ ಎಂದು ನೋಡಲು ಟಿಇಎಂ ಬೇಕು, ಅಂದರೆ ತೆಳು ಸೀಳಿನ ಮೂಲಕ ಎಲೆಕ್ಟ್ರಾನ್ ಹಾಯಿಸಿ ಒಳಗನ್ನು ನೋಡುವ ಮೈಕ್ರೋಸ್ಕೋಪು. ಸ್ಯಾಂಪಲ್ಲನ್ನು ತಣ್ಣಗೆ ಮಾಡಿ ವಜ್ರದ ಅಲಗಿನಿಂದ 100 ನ್ಯಾನೋಮೀಟರ್‌ಗಿಂತ ತೆಳ್ಳಗೆ ಸೀಳಬೇಕು. ಆಸ್ಮಿಯಂ ಟೆಟ್ರಾಕ್ಸೈಡ್‌ನಿಂದ ರಬ್ಬರ್‌ಗೆ ಬಣ್ಣ ಕೊಡಬೇಕು, ಆಗಲೇ ಎಬಿಎಸ್ ಹನಿ ಯಾವುದು, ನೈಲಾನ್ ಯಾವುದು ಎಂದು ಗೊತ್ತಾಗುವುದು. ಸರದಿ ಉದ್ದ, ಶುಲ್ಕವೂ ಜಾಸ್ತಿ. ಅಲ್ಲಿಯವರೆಗೆ ಮೇಲ್ಮೈಯನ್ನಷ್ಟೇ ತೋರಿಸುವ ಎಲೆಕ್ಟ್ರಾನ್ ಮೈಕ್ರೋಸ್ಕೋಪು, ಎಸ್‌ಇಎಂನಲ್ಲೇ ಸಮಾಧಾನ. ಬಾರನ್ನು ದ್ರವ ಸಾರಜನಕದಲ್ಲಿ ಅದ್ದಿ ಮುರಿದು, ದ್ರಾವಕವಾದ ಟಿಎಚ್‌ಎಫ್‌ನಲ್ಲಿ ನೆನೆಸಿ ಎಬಿಎಸ್ಸನ್ನು ಕರಗಿಸಿ ತೆಗೆದರೆ ಹನಿಗಳಿದ್ದ ಜಾಗ ಗುಳಿಗಳಾಗಿ ಉಳಿಯುತ್ತದೆ. ಮೂರನೇ ದಾರಿಯ ಸ್ಯಾಂಪಲ್‌ನ ಗುಳಿಗಳು ಉಳಿದೆರಡಕ್ಕಿಂತ ಸಣ್ಣವು, ಹೆಚ್ಚು ಒಂದೇ ಸಮ. ಗುಳಿಯ ಅಂಚನ್ನು ಹತ್ತಿರಕ್ಕೆ ತಂದು ನೋಡಿದಾಗ ಬಿಳಿ ಎಳೆಗಳು ಒಳಮುಖವಾಗಿ ಚಾಚಿಕೊಂಡಿದ್ದವು. ಹನಿ ಕರಗಿಹೋಗಿದೆ, ಟ್ಯೂಬಿನ ಇನ್ನೊಂದು ತುದಿ ನೈಲಾನ್‌ನಲ್ಲಿ ಸಿಕ್ಕಿಕೊಂಡಿರುವುದರಿಂದ ಅದು ಅಲ್ಲೇ ಉಳಿದಿದೆ. ನಾನು ಪರದೆಯ ಮುಂದೆ ಸುಮ್ಮನೆ ಕೂತುಬಿಟ್ಟೆ. ಪಕ್ಕದ ಟೆಕ್ನಿಷಿಯನ್ ‘ಮುಂದಿನ ಸ್ಯಾಂಪಲ್ ಹಾಕ್ಲಾ?’ ಎಂದು ಎರಡು ಸಲ ಕೇಳಬೇಕಾಯಿತು. ಆಮೇಲೆ ಬಂದ ಟಿಇಎಂ ಚಿತ್ರಗಳೂ ಇದನ್ನೇ ಹೇಳಿದವು. ಬಹಳಷ್ಟು ಟ್ಯೂಬು ಆಗಲೇ ನೈಲಾನ್ ಸೇರಿತ್ತು, ಕೆಲವು ಹನಿಯೊಳಗೇ ಇದ್ದವು, ಒಂದು ಪಾಲು ಗಡಿಯಲ್ಲಿತ್ತು.

ಆ ಒಂದು ಪಾಲೇ ಸಾಕಾಯಿತು. ಮಾಡ್ಯುಲಸ್ ಎರಡನೇ ದಾರಿಯಷ್ಟೇ ಬಂತು, ಒಂದು ಚೂರೂ ಜಾಸ್ತಿ ಇಲ್ಲ. ಆದರೆ ಐಜಾಡ್ ಮೂಲ ಮಿಶ್ರಣಕ್ಕಿಂತ ಹತ್ತರಲ್ಲಿ ಒಂದು ಪಾಲು ಮಾತ್ರ ಕಡಿಮೆ. ಕಚ್ಚಿನ ಸುತ್ತ ಬೂದಿ ಬಣ್ಣದ ಪಟ್ಟಿ ಮತ್ತೆ ಕಾಣಿಸಿತು. ಮೂರೂ ದಾರಿಯ ಬಾರುಗಳಲ್ಲಿ ಇದ್ದದ್ದು ಅದೇ ಒಂದು ಪರ್ಸೆಂಟ್ ಟ್ಯೂಬು, ಅದೇ ನೈಲಾನ್, ಅದೇ ಎಬಿಎಸ್. ಬದಲಾದದ್ದು ಯಾರು ಯಾರನ್ನು ಮೊದಲು ಭೇಟಿಯಾದರು ಅನ್ನುವುದು, ಗಂಟು ಎಷ್ಟು ಉಳಿಯಿತು ಅನ್ನುವುದು.

ಈ ನಡುವೆ ಗ್ರಾಫೀನ್ (ಒಂದು ಪರಮಾಣು ದಪ್ಪದ ಕಾರ್ಬನ್ ಹಾಳೆ) ಹಾಕಿ ನೋಡಿ ಎನ್ನುವ ಸಲಹೆ ಎಲ್ಲ ಕಡೆಯಿಂದ ಬರುತ್ತಿತ್ತು. ಹಾಕಿ ನೋಡಿದೆ. ಬಿಗಿ ಅಷ್ಟಿಷ್ಟು ಬಂತು, ಎಳೆದಾಗ ಹಿಗ್ಗುವುದು ತೀರಾ ಕಮ್ಮಿಯಾಯಿತು. ಗ್ರಾಫೀನ್ ಹೆಸರಿನಲ್ಲಿ ಬರುವ ಪುಡಿಯಲ್ಲಿ ಹಲವು ಹಾಳೆಗಳು ಒಂದರ ಮೇಲೊಂದು ಅಂಟಿಕೊಂಡ ದಪ್ಪ ಬಿಲ್ಲೆಗಳೇ ಹೆಚ್ಚು. ಸಿಂಗಪುರದ ಸಂಶೋಧಕರು 60 ಕಂಪನಿಗಳ ಮಾಲು ತರಿಸಿ ನೋಡಿ 2018ರಲ್ಲಿ ಬರೆದರು: ಬಹುಪಾಲು ಸ್ಯಾಂಪಲ್‌ಗಳಲ್ಲಿ ಗ್ರಾಫೀನ್ ಅನ್ನಬಹುದಾದದ್ದು 10 ಪರ್ಸೆಂಟೂ ಇರಲಿಲ್ಲ, ಉಳಿದದ್ದು ಸಣ್ಣಗೆ ಪುಡಿಯಾದ ಗ್ರಾಫೈಟ್. ಇದನ್ನು ಓದಿದ ಮೇಲೆ ನನ್ನ ಫಲಿತಾಂಶದ ಬಗ್ಗೆ ಆಶ್ಚರ್ಯ ಉಳಿಯಲಿಲ್ಲ.

ಫಲಿತಾಂಶ ತಗೊಂಡು ಘಟಕಕ್ಕೆ ಹೋದಾಗ ಮಾಲೀಕರು ಗ್ರಾಫುಗಳನ್ನು ಬೇಗ ಬೇಗ ತಿರುಗಿಸಿದರು. ಬಾರನ್ನು ಕೈಯಲ್ಲಿ ಬಗ್ಗಿಸಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ರೀಗ್ರೈಂಡ್ ಹಾಕಬಹುದಾ?’

ಪ್ರಯೋಗಾಲಯದಲ್ಲಿ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಮೋಲ್ಡಿಂಗ್ ಮಾಡುವವರಿಗೆ ಇದೇ ಮೊದಲ ಪ್ರಶ್ನೆ. ಸ್ಪ್ರೂ, ರನ್ನರ್ (ಮೋಲ್ಡಿಗೆ ಪ್ಲಾಸ್ಟಿಕ್ ಹರಿಯುವ ದಾರಿಯಲ್ಲಿ ಉಳಿದ ತುಂಡುಗಳು), ರಿಜೆಕ್ಟ್ ಆದ ಪೀಸು, ಎಲ್ಲವನ್ನೂ ಅರೆದು ಮತ್ತೆ ಹಾಪರ್‌ಗೇ ಹಾಕುತ್ತಾರೆ. ಇಲ್ಲದಿದ್ದರೆ ಲೆಕ್ಕ ಗಿಟ್ಟುವುದಿಲ್ಲ. ನಮ್ಮ ಮೂರನೇ ದಾರಿ ನಿಂತಿರುವುದು ಟ್ಯೂಬು ಗಡಿ ದಾಟುವ ಮೊದಲೇ ತಣ್ಣಗೆ ಮಾಡಿದ್ದರ ಮೇಲೆ. ಅದನ್ನೇ ಮತ್ತೆ ಕರಗಿಸಿ ಕಲಸಿದರೆ ಅರ್ಧಕ್ಕೆ ನಿಂತ ಪ್ರಯಾಣ ಮುಂದುವರಿಯುತ್ತದಲ್ವಾ?

ನೋಡಿದೆವು. ಮೂರನೇ ದಾರಿಯ ಮಾಲನ್ನು ಪೂರ್ತಿ ಅರೆದು ಇನ್ನೊಂದು ಸಲ ಎಕ್ಸ್‌ಟ್ರೂಡರ್‌ನಲ್ಲಿ ಓಡಿಸಿ ಬಾರ್ ಮಾಡಿದಾಗ ಐಜಾಡ್ ಎರಡನೇ ದಾರಿಯ ಮಟ್ಟಕ್ಕೆ ಜಾರಿತು. ಗುಳಿಗಳ ಅಂಚಿನಲ್ಲಿ ಎಳೆಗಳು ಹುಡುಕಿದರೂ ಸಿಗಲಿಲ್ಲ. ಮಾಡ್ಯುಲಸ್ ಮಾತ್ರ ಅಲುಗಲಿಲ್ಲ. ಬಿಗಿತಕ್ಕೆ ಟ್ಯೂಬು ನೈಲಾನ್‌ನಲ್ಲಿದ್ದರೂ ಸರಿ. ಹೊಸ ಮಾಲಿಗೆ 20 ಪರ್ಸೆಂಟ್ ರೀಗ್ರೈಂಡ್ ಸೇರಿಸಿದಾಗ ನಷ್ಟ ಅಷ್ಟಾಗಿ ಕಾಣಲಿಲ್ಲ, ಅದಕ್ಕಿಂತ ಜಾಸ್ತಿ ಹಾಕಿದಾಗ ಬೂದಿ ಪಟ್ಟಿ ಸಣ್ಣದಾಗುತ್ತಾ ಹೋಯಿತು.

ಘಟಕದವರು ಆ ಗ್ರೇಡನ್ನು ಮೂರನೇ ದಾರಿಯಲ್ಲೇ ಮಾಡುತ್ತಿದ್ದಾರೆ. ಎರಡು ಸಲ ಓಡಿಸುವ ಬದಲು ನೈಲಾನನ್ನು ಬ್ಯಾರಲ್‌ನ ಅರ್ಧದಲ್ಲಿ ಸೈಡ್ ಫೀಡರ್‌ನಿಂದ ಬಿಡುತ್ತಾರೆ. ಅದು ಅಣ್ಣ ಕೊಟ್ಟ ಸಲಹೆ, ಕರೆಂಟ್ ಬಿಲ್ಲೂ ಉಳಿಯಿತು. ಡೇಟಾಶೀಟಿನ ಕೆಳಗೆ ಒಂದು ಸಾಲು ಸೇರಿದೆ: ರೀಗ್ರೈಂಡ್ 20 ಪರ್ಸೆಂಟ್ ಮೀರಬಾರದು. ಮೋಲ್ಡಿಂಗ್‌ನವರು ಅದನ್ನು ಪಾಲಿಸುತ್ತಾರಾ ಎಂದು ಕೇಳಿದರೆ ಮಾಲೀಕರು ನಗುತ್ತಾರೆ.